ತೂತಿನ ಶೀಟಿನ ಹಿಂದೆ ಲೈಟ್: ಬೆಳಕು ಕಾಣಬೇಕು, ದೀಪ ಕಾಣಬಾರದು

ನೀಲನಕ್ಷೆ:
ಮೂರು ಮಹಡಿ ಕಟ್ಟಡದ ಮುಂಭಾಗಕ್ಕೆ 3 ಮಿಮೀ ಅಲ್ಯೂಮಿನಿಯಂ ತೂತಿನ ಶೀಟು. ತೂತು 10 ಮಿಮೀ, ನಡುವಿಂದ ನಡುವಿಗೆ 18 ಮಿಮೀ, 60 ಡಿಗ್ರಿ ಸ್ಟ್ಯಾಗರ್ (ಒಂದು ಸಾಲು ಬಿಟ್ಟು ಒಂದು ಸಾಲು ಅರ್ಧ ಸರಿದ ಜೋಡಣೆ). ಗೋಡೆಗೂ ಶೀಟಿಗೂ ಮಧ್ಯೆ 200 ಮಿಮೀ ಸಂದು, ಗೋಡೆ ಕಡು ಬೂದು ಬಣ್ಣ. ಚೌಕಟ್ಟಿನ ಒಳಗೆ ಎಲ್‌ಇಡಿ ಸ್ಟ್ರಿಪ್ ಅಂಟಿಸಿ ನೋಡಿದಾಗ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕಣ್ಣಿಗೆ ಹೊಡೆಯುತ್ತದೆ, ನಡುವೆ ಕತ್ತಲು. ಶೀಟು ದಪ್ಪ ಮಾಡಿದರೆ ಸರಿಹೋಗುತ್ತದಾ? ಡಿಫ್ಯೂಸರ್ (ಬೆಳಕು ಹರಡುವ ಹಾಲುಬಣ್ಣದ ಹಾಳೆ) ಬೇಕಾ?

ಜಾಲಂಧ್ರ:
ಶೀಟು ದಪ್ಪ ಮಾಡಿ ಪ್ರಯೋಜನವಿಲ್ಲ. 10 ಮಿಮೀ ತೂತಿಗೆ 3 ಮಿಮೀ ದಪ್ಪ ಅಂದರೆ 73 ಡಿಗ್ರಿ ಓರೆಯಿಂದ ನೋಡಿದರೂ ಆಚೆ ಕಾಣುತ್ತದೆ. ಶೀಟನ್ನು ಬೆಳಗಿಸೋದು ಬಿಟ್ಟು ಹಿಂದಿನ ಗೋಡೆಯನ್ನು ಬೆಳಗಿಸಿ. ತೂತಿನಲ್ಲಿ ಜನಕ್ಕೆ ಕಾಣಬೇಕಾದದ್ದು ಬೆಳಗಿದ ಗೋಡೆ.

ಮೊದಲು ಬಣ್ಣ ಬದಲಿಸಿ. ಕಡು ಬೂದು ಗೋಡೆ ಬಿದ್ದ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ನಿಮ್ಮ ಶೀಟಿನ ತೆರಪು (ಒಟ್ಟು ಮೈಯಲ್ಲಿ ತೂತಿನ ಪಾಲು) ಬೇರೆ ಬರೀ 28%. ಗೋಡೆಗೆ ಬಿಳಿ ಅಥವಾ ತೆಳು ಮರಳು ಬಣ್ಣ, ಖಂಡಿತ ಮ್ಯಾಟ್. ಹೊಳಪಿನ ಬಣ್ಣವಾದರೆ ದೀಪದ ಸಾಲೇ ಕನ್ನಡಿಯಲ್ಲಿ ಕಂಡಂತೆ ಮೂಡುತ್ತದೆ. ಶೀಟಿನ ಒಳಮುಖಕ್ಕೆ ಮ್ಯಾಟ್ ಕಪ್ಪು ನನ್ನ ಆಯ್ಕೆ, ತೂತಿನ ಅಂಚು ಚೂಪಾಗಿ ಕಾಣುತ್ತದೆ. ತೂತು ಹೊಡೆದ ಮೇಲೆಯೇ ಪೌಡರ್ ಕೋಟಿಂಗ್ ಮಾಡಿಸಿ, ಮೊದಲೇ ಮಾಡಿಸಿದರೆ ತೂತಿನ ಅಂಚೆಲ್ಲ ಬರಿ ಲೋಹವಾಗಿ ಉಳಿಯುತ್ತದೆ.

ದೀಪ ಪ್ರತಿ ಮಹಡಿಯ ಬುಡದಲ್ಲಿ, ಮೇಲ್ಮುಖವಾಗಿ, ಶೀಟಿಗೆ ಒತ್ತಿಕೊಂಡಂತೆ. ಮೇಲಿಂದ ಕೆಳಕ್ಕೆ ಹಾಕಿದರೆ ರಸ್ತೆಯಲ್ಲಿ ನಿಂತವರು ನೇರ ಲೆನ್ಸ್ ಒಳಗೇ ನೋಡುತ್ತಾರೆ. 10×60 ಡಿಗ್ರಿ ಲೆನ್ಸಿನ (ಬೆಳಕು ಒಂದು ಕಡೆಗೆ ಕಿರಿದು, ಇನ್ನೊಂದು ಕಡೆಗೆ ಅಗಲ) ಉದ್ದನೆಯ ವಾಲ್ ವಾಷರ್, ಅಂದರೆ ಗೋಡೆಯುದ್ದಕ್ಕೂ ಬೆಳಕು ಚೆಲ್ಲುವ ದೀಪ, ಒಂದಕ್ಕೊಂದು ಸಂದಿಲ್ಲದೆ ಜೋಡಿಸಿ. ಗೋಡೆಯಿಂದ 150 ಮಿಮೀ ದೂರ, 3.5 ಮೀಟರ್ ಎತ್ತರ ಇದ್ದರೆ ಗೋಡೆಯ ತುದಿಗೆ ಗುರಿ ಬರೀ ಎರಡೂವರೆ ಡಿಗ್ರಿ ಬಾಗು. ಒಂದು ಡಿಗ್ರಿ ತಪ್ಪಿದರೂ ಗೋಡೆಯ ಮೇಲೆ ಬೆಳಕು ಬೀಳುವ ರೀತಿ ಬದಲಾದೀತು. ಹಾಗಾಗಿ ತಿರುಗಿಸಬಹುದಾದ ಬ್ರಾಕೆಟ್ ಇರಲಿ, ಕತ್ತಲಾದ ಮೇಲೆ ನೋಡಿಕೊಂಡು ಬಿಗಿ ಮಾಡಿ. ಮಹಡಿ ಮಟ್ಟದಲ್ಲಿ 150 ಮಿಮೀ ಪಟ್ಟಿ ತೂತಿಲ್ಲದೆ ಬಿಡಿ, ಫಿಕ್ಸ್ಚರ್ (ದೀಪದ ಪೂರ್ತಿ ಘಟಕ) ಅದರ ಹಿಂದೆ ಅಡಗುತ್ತದೆ. ಸಂದಿನ ನೆತ್ತಿ ಮುಚ್ಚಿ, ಇಲ್ಲದಿದ್ದರೆ ಬೆಳಕು ಆಕಾಶಕ್ಕೆ ಹೋಗುತ್ತದೆ.

ಇನ್ನೊಂದು: ಶೀಟು ಹಿಡಿಯುವ ಚೌಕಟ್ಟಿನಲ್ಲಿ ಅಡ್ಡ ಪಟ್ಟಿ ಇದ್ದರೆ ಗೋಡೆಯ ಮೇಲೆ ಅಡ್ಡಕ್ಕೆ ಕಪ್ಪು ಗೆರೆ ಬೀಳುತ್ತದೆ. ನಿಲುವು ಪಟ್ಟಿಗಳಲ್ಲೇ ಮುಗಿಸಿ.

ತಂತಿಗಂಟು:
ಮೇಲಿನದಕ್ಕೆ ಒಪ್ಪಿಗೆ. ಆದರೆ ಇಂಥ ಕೆಲಸ ಕೆಡುವುದು ಹೆಚ್ಚಾಗಿ ಕೇಬಲ್ ಜೋಡಣೆಯಲ್ಲಿ. ಫಿಕ್ಸ್ಚರ್ ಐಪಿ67 (ನೀರು, ಧೂಳು ಒಳಹೋಗದ ದರ್ಜೆ) ಇದ್ದು ಕನೆಕ್ಟರ್ ಅಷ್ಟು ಬಿಗಿಯಾಗಿಲ್ಲದಿದ್ದರೆ ನೀರು ಕೇಬಲ್ ಒಳಗಿಂದಲೇ ಹರಿದು ದೀಪ ಸೇರುತ್ತದೆ. ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಿಗಿ ಬಾಯಿ) ಕೆಳಮುಖವಾಗಿರಲಿ, ಅದಕ್ಕೂ ಮೊದಲು ಕೇಬಲ್ ಒಂದು ಬಾಗು ಕೆಳಗಿಳಿಯಲಿ, ಹನಿ ಅಲ್ಲೇ ಉದುರುತ್ತದೆ. ವಿನಿಗರ್ ವಾಸನೆಯ ಸಿಲಿಕೋನ್ ಬೇಡ. ಅದರ ಆಮ್ಲ ತಾಮ್ರವನ್ನೂ ಎಲ್‌ಇಡಿಯನ್ನೂ ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ತನ್ನಿ.

24 ವೋಲ್ಟ್‌ನಲ್ಲಿ 100 ವ್ಯಾಟ್ ಅಂದರೆ 4.2 ಆಂಪಿಯರ್. ಡ್ರೈವರ್ (ಎಲ್‌ಇಡಿಗೆ ಕರೆಂಟು ಕೊಡುವ ಪೆಟ್ಟಿಗೆ) 10 ಮೀಟರ್ ದೂರವಿದ್ದು 1.5 ಚದರ ಮಿಮೀ ತಂತಿ ಎಳೆದರೆ ಸುಮಾರು 1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 2.5 ಹಾಕಿದರೆ 0.6ಕ್ಕೆ ಇಳಿಯುತ್ತದೆ. ಡ್ರೈವರ್‌ಗಳನ್ನು ಸಂದಿನೊಳಗೆ ತುರುಕಬೇಡಿ, ಏಣಿಯಿಲ್ಲದೆ ಕೈಗೆ ಸಿಗುವ ಕಡೆ ಇಡಿ. ಲೋಹದ ಚೌಕಟ್ಟಿಗೆ ಅರ್ಥಿಂಗ್, ಸಪ್ಲೈಗೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ ಏರಿದರೆ ತಡೆಯುವ ಸಾಧನ) ಮರೆಯಬೇಡಿ.

3 ಮೀಟರ್ ಶೀಟು 50 ಡಿಗ್ರಿ ಏರಿಳಿತಕ್ಕೆ ಸುಮಾರು 3.5 ಮಿಮೀ ಹಿಗ್ಗಿ ಕುಗ್ಗುತ್ತದೆ. ಸ್ಕ್ರೂ ತೂತು ಉದ್ದುದ್ದ ಇರಲಿ, ಕೇಬಲ್ಲನ್ನು ಶೀಟಿಗೆ ಕಟ್ಟಲೇಬೇಡಿ. ಫಿಕ್ಸ್ಚರ್ ಎದುರಿನ ಪ್ಯಾನೆಲ್ಲುಗಳಿಗೆ ಹಿಂಜ್ ಕೊಡಿ.

ನೀಲನಕ್ಷೆ:
ಎರಡನೇ ಮಹಡಿಯಲ್ಲಿ ಶೀಟಿನ ಹಿಂದೆ ಕಿಟಕಿಗಳಿವೆ. ಅಲ್ಲಿ?

ಜಾಲಂಧ್ರ:
ಗಾಜು ಬೆಳಕು ಹಿಡಿಯುವುದಿಲ್ಲ, ಹೊರಗಿಂದ ಕಪ್ಪು ಚೌಕವಾಗಿಯೇ ಕಾಣುತ್ತದೆ. ಅದನ್ನು ತುಂಬಿಸಲು ಕಿಟಕಿ ಕೆಳಗೆ ದೀಪ ಹಾಕಿದರೆ ಒಳಗಿರುವವರ ಕಣ್ಣಿಗೆ ಹಿಂಸೆ. ಕಿಟಕಿ ಅಗಲದಷ್ಟು ಸಾಲನ್ನು ಕಡಿದುಬಿಡಿ. ಡಿಫ್ಯೂಸರ್ ಬೇಡವೇ ಬೇಡ. ಧೂಳು ಕೂರುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ, ಹಗಲು ತೂತಿನ ಆಳವೂ ಹೋಗುತ್ತದೆ. ಶೀಟಿಗೆ ಆರ್ಡರ್ ಕೊಡುವ ಮೊದಲು ಒಂದು ಪೂರ್ತಿ ಪ್ಯಾನೆಲ್ ನಿಲ್ಲಿಸಿ, ರಾತ್ರಿ ರಸ್ತೆ ಆಚೆಯಿಂದಲೂ ಎದುರು ಕಟ್ಟಡದ ಮೇಲಿಂದಲೂ ನೋಡಿ. ಮೇಲಿಂದ ಲೆನ್ಸ್ ಕಂಡರೆ ದೀಪದ ಮುಂದೆ 40–50 ಮಿಮೀ ಎತ್ತರದ ಮಡಿಕೆ ಪಟ್ಟಿ ಸೇರಿಸಿ.