ಸಹಾಯ ಬೇಕು: ಚಳಿಗಾಲದ ಬೆಳೆಗೆ ಕಾಡು ಪಾರಿವಾಳದ ಕಾಟ (ಲಿಂಕನ್‌ಶೈರ್)

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ನಮಸ್ಕಾರ. ಇಲ್ಲಿ ಗೆಳೆಯರೊಬ್ಬರ ಹೊಲದಲ್ಲಿ ಆಯಿಲ್‌ಸೀಡ್ ರೇಪ್ ಇದೆ, ನಮ್ಮ ಸಾಸಿವೆಯ ದಾಯಾದಿ. ಚಳಿ ಬಿದ್ದಾಗಿನಿಂದ ಕಾಡು ಪಾರಿವಾಳಗಳು ಹಿಂಡುಹಿಂಡಾಗಿ ಎರಗುತ್ತಿವೆ. ಎಲೆಯ ಹಸಿರೆಲ್ಲ ಹೋಗಿ ನಡುದಂಟಷ್ಟೇ ಉಳಿದಿದೆ. ಹಕ್ಕಿ ಬೆದರಿಸೋಕೆ ಢಂ ಅಂತ ಸದ್ದು ಮಾಡುವ ಗ್ಯಾಸ್ ಗನ್ನಿಗೆ ಈಗ ಕ್ಯಾರೇ ಅನ್ನಲ್ಲ. (ಕವಣೆ ಬೀಸಿ ಅನ್ನಬೇಡಿ, ಹೊಲ ಅಷ್ಟು ಸಣ್ಣದಲ್ಲ!)

ಬೆಳೆ ಹಾಳುಮಾಡುವ ಕೆಲವು ಕಾಡುಹಕ್ಕಿಗಳನ್ನು ಹೊಡೆಯೋಕೆ ಇಲ್ಲಿನ ಸರ್ಕಾರ ಕೊಡುವ ಸಾಮಾನ್ಯ ಅನುಮತಿ, ಅಂದ್ರೆ ಜಿಎಲ್42 ಲೈಸೆನ್ಸಿನ ಷರತ್ತು ಓದಿದ್ದೇವೆ, ಇಬ್ಬರಿಗೂ ಶಾಟ್‌ಗನ್ ಸರ್ಟಿಫಿಕೇಟ್ ಇದೆ. ತೊಂದರೆ ಏನಂದ್ರೆ, ಬೇಲಿ ಪಕ್ಕ ಮರೆ ಕಟ್ಟಿ, ಹಿಂಡನ್ನು ಸೆಳೆಯೋಕೆ ಪ್ಲಾಸ್ಟಿಕ್ ಪಾರಿವಾಳದ ಗೊಂಬೆಗಳನ್ನು ಗಾಳಿಗೆ ಮುಖ ಮಾಡಿ ಇಟ್ಟರೂ ಹಿಂಡು ಮೇಲೇ ಒಂದು ಸುತ್ತು ಹಾಕಿ ಪಕ್ಕದ ಹೊಲಕ್ಕೆ ಇಳಿಯುತ್ತೆ. ಗೊಂಬೆಗಳ ನಡುವೆ ಎಷ್ಟು ಜಾಗ ಬಿಡ್ತೀರಿ? ಅದನ್ನೆಲ್ಲ ಬಿಟ್ಟು, ಸಂಜೆ ಅವು ಕೂರೋಕೆ ಬರುವ ಮರಗಳ ಹತ್ತಿರ ಕಾಯೋದೇ ವಾಸಿನಾ? ಅನುಭವ ಇರೋರು ದಯವಿಟ್ಟು ತಿಳಿಸಿ.