ಸಹಾಯ ಬೇಕು: ಬಾಲ್ ಪೈಥಾನ್ ಮರಿ ಕೈ ಕಂಡರೆ ಎಗರುತ್ತದೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಗೆ ಬಾಲ್ ಪೈಥಾನ್ (ಹೆಬ್ಬಾವಿನ ಜಾತಿಯ ಸಣ್ಣ ಹಾವು) ಮರಿ ಬಂದು ಮೂರು ವಾರ ಆಯಿತು. ಆಫ್ರಿಕಾ ಮೂಲದ್ದು, ವಿಷ ಇಲ್ಲ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ನಮ್ಮ ದೇಶದ ಹಾವುಗಳನ್ನು, ಕೇರೆಹಾವನ್ನೂ ಸಹ, ಕಾನೂನು ಪ್ರಕಾರ ಸಾಕುವಂತಿಲ್ಲ ಅನ್ನೋದು ಗೊತ್ತು.

ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಕು, ಕತ್ತನ್ನು ಎಸ್ ಅಕ್ಷರದ ಹಾಗೆ ಮಡಚಿ ಬುಸ್ ಅನ್ನುತ್ತದೆ. ನಿನ್ನೆ ಹೆಬ್ಬೆರಳಿಗೆ ಕಚ್ಚಿತು. ಸಾಸಿವೆ ಕಾಳಿನಷ್ಟು ನಾಲ್ಕು ರಕ್ತದ ಚುಕ್ಕಿ, ಅಷ್ಟೇ. ಸೋಪು ಹಾಕಿ ತೊಳೆದೆ. ನೋವಿಗಿಂತ, ನನ್ನನ್ನು ಕಂಡು ಇಷ್ಟೊಂದು ಹೆದರುತ್ತದಲ್ಲ ಅಂತ ಬೇಜಾರಾಯಿತು. ಮೇಲಿಂದ ಕೈ ಬಂದರೆ ಅದಕ್ಕೆ ಹದ್ದು ಬಂದ ಹಾಗೆ ಅಲ್ವಾ, ಪಾಪ. ಬಂದ ದಿನವೇ ಮಕ್ಕಳ ಕೈಗೆ ಕೊಟ್ಟೆ, ಅದು ನನ್ನ ತಪ್ಪು.

ಪೆಟ್ಟಿಗೆಯ ಬೆಚ್ಚಗಿನ ಬದಿ 32 ಡಿಗ್ರಿ, ತಂಪು ಬದಿ 26. ಅಡಗಲು ತಂಪು ಬದಿಯಲ್ಲಿ ಒಂದೇ ತೆಂಗಿನ ಚಿಪ್ಪು ಇದೆ. ಎರಡೂ ಕಡೆ ಇಡಬೇಕಿತ್ತಾ? ಊಟವಾದ ಮೇಲೆ ಎರಡು ದಿನ ಮುಟ್ಟುವುದಿಲ್ಲ. ಇವತ್ತು ಕಣ್ಣು ಹಾಲಿನ ಹಾಗೆ ಮಂಜಾಗಿದೆ. ಪೊರೆ ಬಿಡುವವರೆಗೆ ಸುಮ್ನೆ ಬಿಡುತ್ತೇನೆ.

ಆಮೇಲೆ ಹೇಗೆ ಶುರು ಮಾಡಲಿ? ಹಾವು ಎತ್ತುವ ಕೊಕ್ಕೆಯಿಂದ ಮೆಲ್ಲಗೆ ಮುಟ್ಟಿ ಎಚ್ಚರಿಸುವುದಾ, ಪಕ್ಕದಿಂದ ಕೈ ತಂದು ಹೊಟ್ಟೆ ಅಡಿ ಹಿಡಿದು ಎತ್ತುವುದಾ? ಒಮ್ಮೆಗೆ ಎಷ್ಟು ನಿಮಿಷ? ಹೀಗೆ ಹೆದರುವ ಮರಿಯನ್ನು ಸಾಕಿದವರು ದಯವಿಟ್ಟು ತಿಳಿಸಿ.