ಸ್ಯಾಗ್ 105 ಇದೆ, ಆದರೂ ಬೈಕ್ ಯಾಕೆ ಒದೆಯುತ್ತದೆ? ಸವಾರನ ತೂಕ, ಸ್ಪ್ರಿಂಗ್, ಕ್ಲಿಕ್ಕರ್: ಪ್ರಶ್ನೋತ್ತರ

ಪ್ರಶ್ನೆ: ಸರ್, ನನ್ನ ತೂಕ 98 ಕೆ.ಜಿ. ಬೈಕ್ 450 ಸಿಸಿ ಮೋಟೋಕ್ರಾಸ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಗುಂಡಿ ಬಿದ್ದ ಜಾಗದಲ್ಲಿ ಬ್ರೇಕ್ ಹಿಡಿದರೆ ಹಿಂಭಾಗ ಒದೆಯುತ್ತದೆ, ದೊಡ್ಡ ಜಂಪ್ ಇಳಿದರೆ ದಡಕ್ ಅಂತ ತಳ ಹೊಡೆಯುತ್ತದೆ. ಕಂಪ್ರೆಷನ್, ಅಂದರೆ ಸಸ್ಪೆನ್ಷನ್ ಕುಸಿಯುವ ವೇಗ ತಡೆಯುವ ಸೆಟ್ಟಿಂಗ್, ಟೈಟ್ ಮಾಡು ಅಂತ ಗೆಳೆಯರು ಹೇಳಿದರು. ಅದರ ಸ್ಕ್ರೂ (ಕ್ಲಿಕ್ಕರ್) ಆರು ಕ್ಲಿಕ್ ಒಳಗೆ ಹಾಕಿದೆ. ಕೈ ನೋವು ಜಾಸ್ತಿ ಆಯಿತೇ ಹೊರತು ಬೇರೇನೂ ಬದಲಾಗಲಿಲ್ಲ. ಹಿಂದಿನ ಸ್ಯಾಗ್, ಅಂದರೆ ಭಾರಕ್ಕೆ ಹಿಂಭಾಗ ಕುಸಿಯುವ ಅಳತೆ, 105 ಮಿ.ಮೀ.ಗೆ ಇಟ್ಟಿದ್ದೇನೆ, ಅದು ಸರಿ ಇದೆ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿಸಬೇಕಾ?

ಉತ್ತರ: ಈಗಲೇ ಬಿಚ್ಚಿಸಬೇಡಿ. ನೀವು ಹೇಳಿರುವುದು ಅರ್ಧ ಅಳತೆ. 105 ಅನ್ನೋದು ನೀವು ಮೇಲೆ ಕೂತಾಗಿನ ಸ್ಯಾಗ್. ಇಳಿದ ಮೇಲೆ, ಬೈಕ್ ತನ್ನ ತೂಕಕ್ಕೆ ತಾನೇ ಎಷ್ಟು ಕುಸಿದು ನಿಲ್ಲುತ್ತದೆ? ಅದನ್ನು ಫ್ರೀ ಸ್ಯಾಗ್ ಅಂತೀವಿ, ಸ್ಟ್ಯಾಟಿಕ್ ಸ್ಯಾಗ್ ಅಂತಲೂ ಕರೆಯುತ್ತಾರೆ. ಸ್ಪ್ರಿಂಗ್ ನಿಮ್ಮ ತೂಕಕ್ಕೆ ಹೊಂದುತ್ತದೋ ಇಲ್ಲವೋ ಅಂತ ಹೇಳುವುದು ಆ ಎರಡನೇ ಸಂಖ್ಯೆ. ಅದಿಲ್ಲದೆ 105ಕ್ಕೆ ಅರ್ಥವೇ ಇಲ್ಲ.

ಅಳೆಯುವ ಮುಂಚೆ ಲಿಂಕೇಜ್, ಅಂದರೆ ಶಾಕನ್ನು ಹಿಂದಿನ ಚಕ್ರದ ತೋಳಿಗೆ ಸೇರಿಸುವ ಕೊಂಡಿಗಳು, ಅದರ ಬೇರಿಂಗ್ ನೋಡಿ, ಸೆಕೆಂಡ್ ಹ್ಯಾಂಡ್ ಬೈಕ್ ಆದ್ದರಿಂದ ಹೇಳ್ತಿದ್ದೇನೆ. ನನ್ನ ಬೆಂಚಿಗೆ ಬರುವ ಬೈಕುಗಳಲ್ಲಿ ನಾನು ಮೊದಲು ಕೈ ಹಾಕುವುದೇ ಅಲ್ಲಿಗೆ. ಗ್ರೀಸ್ ಒಣಗಿ ತುಕ್ಕು ಹಿಡಿದಿದ್ದರೆ ಒಂದೊಂದು ಸಲ ಒಂದೊಂದು ಅಳತೆ ಬರುತ್ತದೆ, ನೀವು ಸುಮ್ನೆ ಸ್ಪ್ರಿಂಗನ್ನು ಬೈಯುತ್ತಾ ಕೂರುತ್ತೀರಿ.

ಈಗ ಅಳತೆ. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದಿನ ಚಕ್ರ ಗಾಳಿಯಲ್ಲಿ ಪೂರ್ತಿ ಇಳಿಬಿದ್ದಿರಲಿ. ಹಿಂದಿನ ಆಕ್ಸಲ್‌ನ ನಡುವಿನಿಂದ ನೇರ ಮೇಲೆ, ಮಡ್‌ಗಾರ್ಡ್ ಮೇಲೆ ಒಂದು ಗುರುತು ಹಾಕಿ, ಆ ದೂರ ಬರೆದುಕೊಳ್ಳಿ. ಕೆಳಗಿಳಿಸಿ, ಹಿಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಡಿ, ತಾನಾಗಿ ನಿಂತ ಮೇಲೆ ಅದೇ ದೂರ ಅಳೆಯಿರಿ. ಮೊದಲಿನದರಲ್ಲಿ ಇದನ್ನು ಕಳೆದರೆ ಫ್ರೀ ಸ್ಯಾಗ್. ಆಮೇಲೆ ನೀವು ಹತ್ತಿ. ಹೆಲ್ಮೆಟ್, ಬೂಟ್, ಮಂಡಿಯ ಬ್ರೇಸ್, ಬೆನ್ನಿಗೆ ನೀರಿನ ಚೀಲ ಹಾಕಿಕೊಳ್ಳುವವರಾದರೆ ಅದೂ ಇರಲಿ. ಟೀ ಶರ್ಟ್ ಚಪ್ಪಲಿಯಲ್ಲಿ ಅಳೆದ ಸ್ಯಾಗ್ ಲೆಕ್ಕಕ್ಕಿಲ್ಲ, ಯಾಕೆಂದರೆ ಪೂರ್ತಿ ಗೇರ್ ಸುಲಭವಾಗಿ ಎಂಟು ಹತ್ತು ಕೆ.ಜಿ. ತೂಗುತ್ತದೆ. ಒಬ್ಬರು ಹ್ಯಾಂಡಲ್ ಹಿಡಿದು ಬೈಕನ್ನು ನೆಟ್ಟಗೆ ನಿಲ್ಲಿಸಲಿ, ಎರಡೂ ಕಾಲು ಫುಟ್‌ಪೆಗ್ ಮೇಲಿರಲಿ, ಸ್ವಲ್ಪ ಕುಲುಕಿ, ನೀವು ಸಾಮಾನ್ಯವಾಗಿ ಕೂರುವ ಜಾಗಕ್ಕೆ ಬನ್ನಿ, ಇನ್ನೊಬ್ಬರು ಅಳೆಯಲಿ. ಒಂದು ಸಲ ಕೆಳಗೆ ಒತ್ತಿ ನಿಧಾನ ಏಳಲು ಬಿಟ್ಟು, ಇನ್ನೊಂದು ಸಲ ಮೇಲೆತ್ತಿ ನಿಧಾನ ಇಳಿಯಲು ಬಿಟ್ಟು ಅಳೆದು ಸರಾಸರಿ ತೆಗೆದರೆ ಸೀಲುಗಳ ಎಳೆತದಿಂದ ಆಗುವ ವ್ಯತ್ಯಾಸ ಹೋಗುತ್ತದೆ.

ಪ್ರಶ್ನೆ: ಅದೇ ಥರ ಮಾಡಿದೆ ಸರ್. ಲಿಂಕೇಜ್ ಬಿಚ್ಚಿ ಗ್ರೀಸ್ ಕೂಡ ಹಾಕಿದೆ. ಕೂತಾಗ 105, ಫ್ರೀ ಸ್ಯಾಗ್ ಬರೀ 18. ಫ್ರೀ ಸ್ಯಾಗ್ ಕಡಿಮೆ ಅಂದರೆ ಸ್ಪ್ರಿಂಗ್ ಗಟ್ಟಿ ಅಂತ ಅಲ್ವಾ? ಹಾಗಾದರೆ ಮೆದು ಸ್ಪ್ರಿಂಗ್ ಹಾಕಬೇಕಾ?

ಉತ್ತರ: ಇಲ್ಲ, ತಿರುಗಾಮುರುಗಾ. ನಿಮ್ಮ ಸ್ಪ್ರಿಂಗ್ ನಿಮಗೆ ಮೆದುವಾಗಿದೆ. ಇದೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ, ತಪ್ಪು ಸ್ಪ್ರಿಂಗ್ ಕೊಂಡು ಹಣ ಕಳೆದುಕೊಂಡವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಾಕ್ ಮೇಲಿನ ರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. 45 ನ್ಯೂಟನ್‌ನ ಸ್ಪ್ರಿಂಗ್, ಅಂದರೆ ಒಂದು ಮಿ.ಮೀ. ಒತ್ತಲು 45 ನ್ಯೂಟನ್ ಬಲ ಬೇಕಾದದ್ದು, ರಿಂಗ್ ಎಲ್ಲಿಟ್ಟರೂ 45ರದ್ದೇ. ಆ ರಿಂಗ್ ಬಿಗಿದು ಕೊಡುವ ಪ್ರಿಲೋಡ್ ಮಾಡುವುದು ಒಂದೇ ಕೆಲಸ: ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಟ್ಟಿರುತ್ತದೆ, ಹಾಗಾಗಿ ಬೈಕ್ ಎತ್ತರದಲ್ಲಿ ನಿಲ್ಲುತ್ತದೆ. ನೀವು ಹತ್ತಿದಾಗ ಎಷ್ಟು ಹೆಚ್ಚುವರಿ ಕುಸಿಯುತ್ತದೆ ಅನ್ನೋದನ್ನು ತೀರ್ಮಾನಿಸುವುದು ನಿಮ್ಮ ತೂಕ ಮತ್ತು ಸ್ಪ್ರಿಂಗ್ ಬಿಗಿ, ಇವೆರಡೇ. ಪ್ರಿಲೋಡ್‌ಗೆ ಅದರಲ್ಲಿ ಪಾತ್ರ ಇಲ್ಲವೆಂದೇ ಹೇಳಬಹುದು.

ಹಿಂದೆ 300 ಮಿ.ಮೀ. ಆಸುಪಾಸು ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಓಡಾಡುವ ದೂರ) ಇರುವ ದೊಡ್ಡ ಬೈಕಿಗೆ ಕೂತಾಗ 100ರಿಂದ 105, ಫ್ರೀ ಸ್ಯಾಗ್ 30ರಿಂದ 40 ಇರಬೇಕು ಅಂತ ಇಟ್ಟುಕೊಳ್ಳಿ. ಅಂದರೆ ಸವಾರನಿಂದ ಆಗುವ ಕುಸಿತ ಹೆಚ್ಚು ಕಡಿಮೆ 70. ನಿಮ್ಮದು 105ರಲ್ಲಿ 18 ಕಳೆದರೆ 87. ನೀವು ಹತ್ತಿದ ಕೂಡಲೇ ಅದು ಬೇಕಾದ್ದಕ್ಕಿಂತ 17 ಮಿ.ಮೀ. ಜಾಸ್ತಿ ಕುಸಿಯುತ್ತಿದೆ. ಅದನ್ನು ಮುಚ್ಚಲು ಯಾರೋ ರಿಂಗನ್ನು ಬಿಗಿದೂ ಬಿಗಿದೂ 105ಕ್ಕೆ ತಂದಿದ್ದಾರೆ.

ನಿಮ್ಮ ಎರಡೂ ತೊಂದರೆ ಇಲ್ಲಿಂದಲೇ ಬಂದಿವೆ. ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಹೋಗಿ ಹಿಂಭಾಗ ಏಳುತ್ತದೆ. ಅತಿಯಾಗಿ ಬಿಗಿದ ಪ್ರಿಲೋಡ್ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ, ಚಕ್ರ ಪೂರ್ತಿ ಇಳಿಬಿದ್ದು ಕೊನೆ ಮುಟ್ಟುತ್ತದೆ, ಮುಂದಿನ ಗುಂಡಿಯೊಳಗೆ ಇಳಿಯಲು ಅದಕ್ಕೆ ಜಾಗವೇ ಉಳಿಯುವುದಿಲ್ಲ. ಒದೆತ ಅಂದರೆ ಅದೇ. ಇನ್ನು ಜಂಪ್ ಇಳಿದಾಗ ಒಳಗಿರುವುದು ಮೆದು ಸ್ಪ್ರಿಂಗ್ ಅಲ್ವಾ, ನಿಮ್ಮ ತೂಕ ತಡೆಯದೆ ತಳ ಮುಟ್ಟುತ್ತದೆ. ಮೇಲೆ ಗಡುಸು, ಕೆಳಗೆ ಮೆದು. ಕ್ಲಿಕ್ಕರ್ ಎಷ್ಟು ತಿರುಗಿಸಿದರೂ ಇದು ಸರಿಹೋಗದು.

ಕೆಲವು ದೊಡ್ಡ ಮೋಟೋಕ್ರಾಸ್ ಬೈಕುಗಳ ಮ್ಯಾನುಯಲ್‌ನಲ್ಲಿ ಹಿಂದಿನ ಸ್ಪ್ರಿಂಗ್ 42, 45, 48 ಅಂತ ಮೂರು ಮೂರು ನ್ಯೂಟನ್ ಅಂತರದಲ್ಲಿ ಇರುತ್ತವೆ, ಪ್ರತಿ ಹೆಜ್ಜೆಯೂ ಸುಮಾರು 10 ಕೆ.ಜಿ. ಸವಾರನ ತೂಕಕ್ಕೆ. ಕಂಪನಿಯಿಂದ ಬರುವ ಸ್ಪ್ರಿಂಗ್ ಸಾಮಾನ್ಯವಾಗಿ 70ರಿಂದ 85 ಕೆ.ಜಿ. ಒಳಗಿನವರಿಗೆ. ನಿಮಗೆ ಎರಡು ಹೆಜ್ಜೆ ಮೇಲಿನದು ಬೇಕು. ಈಗಿರುವ ಸ್ಪ್ರಿಂಗ್ ಮೇಲೆ ಏನು ಬರೆದಿದೆ ನೋಡಿ, ಹಿಂದಿನ ಮಾಲೀಕರು ಬದಲಿಸಿರಲೂಬಹುದು.

ಪ್ರಶ್ನೆ: ಮಧ್ಯೆ ಬರ್ತಿದ್ದೇನೆ, ಕ್ಷಮಿಸಿ. ನನ್ನ ಸ್ಪ್ರಿಂಗ್ ಮೇಲೆ 5.4 ಅಂತಿದೆ. 45, 48 ಅಂತ ಹೇಳ್ತಿದ್ದೀರಲ್ಲ?

ಉತ್ತರ: ಅದು ಕೆ.ಜಿ. ಲೆಕ್ಕ. 9.81ರಿಂದ ಗುಣಿಸಿ, ಸುಮಾರು 53 ನ್ಯೂಟನ್. ಮುಂದಿನ ಚಕ್ರದ ಫೋರ್ಕ್‌ಗೂ ಹೀಗೇ, 0.46 ಅಂದರೆ ಸುಮಾರು 4.5. ಎರಡು ಬೈಕುಗಳ ಸ್ಪ್ರಿಂಗ್ ಹೋಲಿಸಬೇಡಿ, ಲಿಂಕೇಜ್ ಬೇರೆ ಆದರೆ ಅದೇ ಸಂಖ್ಯೆಯ ಅರ್ಥವೂ ಬೇರೆ.

ಪ್ರಶ್ನೆ: ನನ್ನದು ಉಲ್ಟಾ ಕಥೆ. 54 ಕೆ.ಜಿ., ಎತ್ತರವೂ ಕಡಿಮೆ, 250 ಓಡಿಸುತ್ತೇನೆ. ರಿಂಗ್ ಪೂರ್ತಿ ಸಡಿಲ ಮಾಡಿದರೂ ಕೂತಾಗ 88ರ ಮೇಲೆ ಹೋಗುತ್ತಿಲ್ಲ, ಫ್ರೀ ಸ್ಯಾಗ್ 42. ಬೈಕಿನ ಎತ್ತರ ಕಡಿಮೆ ಮಾಡುವ ಲಿಂಕ್ (ಲಿಂಕೇಜ್‌ನ ಬದಲಿ ಕೊಂಡಿ) ಹಾಕಿಸಿಕೊಂಡರೆ ಎರಡೂ ಸಮಸ್ಯೆ ಒಟ್ಟಿಗೆ ಮುಗಿಯುತ್ತದೆ ಅಂತ ಒಬ್ಬರು ಹೇಳಿದರು.

ಉತ್ತರ: ಮೊದಲು ರಿಂಗ್ ಸ್ವಲ್ಪ ಬಿಗಿ ಮಾಡಿ, ಇವತ್ತೇ. ಚಕ್ರ ಗಾಳಿಯಲ್ಲಿದ್ದಾಗ ಸ್ಪ್ರಿಂಗ್ ಕೈಗೆ ಅಲ್ಲಾಡುವಷ್ಟು ಸಡಿಲ ಇರಲೇಬಾರದು, ಕೆಲವು ಮಿ.ಮೀ. ಪ್ರಿಲೋಡ್ ಇರಲೇಬೇಕು. ಸಡಿಲ ಬಿಟ್ಟರೆ ಪ್ರತಿ ಜಂಪ್‌ನಲ್ಲೂ ಸ್ಪ್ರಿಂಗ್ ಜಾಗ ಬಿಟ್ಟು ಬಡಿಯುತ್ತದೆ.

ನಿಮ್ಮ ಲೆಕ್ಕ 88ರಲ್ಲಿ 42 ಕಳೆದರೆ 46. 70 ಇರಬೇಕಾದ ಜಾಗದಲ್ಲಿ 46, ಅಂದರೆ ಸ್ಪ್ರಿಂಗ್ ನಿಮಗೆ ಬಹಳ ಗಟ್ಟಿ. ಕಡಿಮೆ ತೂಕದವರಿಗೆ ಇದು ತುಂಬಾ ಅನ್ಯಾಯ ಮಾಡುತ್ತದೆ, ನನ್ನ ಮಾತು ನಂಬಿ. ಬೈಕ್ ಯಾವಾಗಲೂ ಎತ್ತರ, ಟೈರ್ ಹಿಡಿತ ಸಿಗುವುದಿಲ್ಲ, ಪ್ರತಿ ಕಲ್ಲಿಗೂ ಪಕ್ಕಕ್ಕೆ ಹಾರುತ್ತದೆ, ಆಮೇಲೆ ಸವಾರರು ತಮಗೇ ಧೈರ್ಯ ಸಾಲದು ಅಂದುಕೊಳ್ಳುತ್ತಾರೆ. ಧೈರ್ಯದ ಪ್ರಶ್ನೆಯೇ ಅಲ್ಲ, ಸ್ಪ್ರಿಂಗ್ ನಿಮ್ಮ ಭಾರಕ್ಕೆ ಬಗ್ಗುತ್ತಿಲ್ಲ ಅಷ್ಟೇ. ನಿಮ್ಮ ತೂಕಕ್ಕೆ ತಕ್ಕ ಮೆದು ಸ್ಪ್ರಿಂಗ್ ಹಾಕಿದರೆ ಕೂತಾಗಿನ ಎತ್ತರವೂ 15 ಮಿ.ಮೀ.ನಷ್ಟು ತಾನೇ ಇಳಿಯುತ್ತದೆ. ಆಮೇಲೂ ಕಾಲು ಎಟುಕದಿದ್ದರೆ ಸೀಟಿನ ಫೋಮ್ ಕತ್ತರಿಸಿ. ಲಿಂಕ್ ಹಾಕಿದರೆ ಲಿವರೇಜ್, ಅಂದರೆ ಚಕ್ರದ ಭಾರ ಶಾಕ್ ಮೇಲೆ ಬೀಳುವ ಪ್ರಮಾಣ, ಬದಲಾಗುತ್ತದೆ, ಮುಂದಿನ ಫೋರ್ಕ್ ಎತ್ತರವನ್ನೂ ಹೊಂದಿಸಬೇಕು, ಸ್ಪ್ರಿಂಗ್ ಲೆಕ್ಕ ಮೊದಲಿಂದ ಮಾಡಬೇಕು. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: 98 ಕೆ.ಜಿ.ಯವನು ಮತ್ತೆ. ಸ್ಪ್ರಿಂಗ್ ಮೇಲೆ 45 ಅಂತಿದೆ, 51 ಆರ್ಡರ್ ಮಾಡಿದೆ. ಫೋರ್ಕ್ ಸ್ಪ್ರಿಂಗ್ ಹಳೆಯದೇ ಇಟ್ಟುಕೊಂಡು ಸ್ವಲ್ಪ ಆಯಿಲ್ ಜಾಸ್ತಿ ಹಾಕಿದರೆ ಸಾಕಾ? ಎರಡೂ ಒಟ್ಟಿಗೆ ಕೊಳ್ಳಲು ಆಗುತ್ತಿಲ್ಲ.

ಉತ್ತರ: ಕೈಯಲ್ಲಿ ಆಗದಿದ್ದರೆ ಹಿಂದಿನದನ್ನು ಮೊದಲು ಮಾಡಿ, ತಪ್ಪಿಲ್ಲ. ಆದರೆ ಮುಂದಿನದನ್ನು ಮರೆಯಬೇಡಿ. ಹಿಂಭಾಗ ಗಟ್ಟಿಯಾಗಿ ಮುಂಭಾಗ ಮೆದುವಾಗಿ ಉಳಿದರೆ ಬ್ರೇಕ್ ಹಿಡಿದಾಗ ಮೂಗು ಮುಗ್ಗರಿಸುತ್ತದೆ, ವೇಗದಲ್ಲಿ ಹ್ಯಾಂಡಲ್ ನಡುಗಬಹುದು. ಅಲ್ಲಿವರೆಗೆ ಫೋರ್ಕ್ ಹಿಡಿದಿಡುವ ಕ್ಲ್ಯಾಂಪ್‌ನಲ್ಲಿ ಫೋರ್ಕ್ ಕೊಳವೆಗಳು ಮೇಲೆ ಎಷ್ಟು ಚಾಚಿವೆ ನೋಡಿ, ಎರಡು ಮೂರು ಮಿ.ಮೀ. ಕೆಳಗಿಳಿಸಿದರೆ ಮುಂಭಾಗ ಅಷ್ಟು ಎತ್ತರವಾಗಿ ನಡುಕ ಕಡಿಮೆಯಾಗುತ್ತದೆ. ತಿರುವಿನಲ್ಲಿ ಸ್ವಲ್ಪ ಸೋಮಾರಿ ಅನ್ನಿಸುತ್ತದೆ, ಸಹಿಸಿಕೊಳ್ಳಿ.

ಆಯಿಲ್ ವಿಷಯ: ಫೋರ್ಕ್ ಒಳಗಿನ ಗಾಳಿಯೂ ಒಂದು ಸ್ಪ್ರಿಂಗ್. ಆಯಿಲ್ ಜಾಸ್ತಿ ಮಾಡಿದರೆ ಗಾಳಿಯ ಜಾಗ ಕಡಿಮೆಯಾಗಿ ಕೊನೆಯ ಭಾಗ ಮಾತ್ರ ಗಟ್ಟಿಯಾಗುತ್ತದೆ. ಮೊದಲ ಅರ್ಧದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ನಿಮ್ಮ ತೊಂದರೆ ಇರುವುದು ಅಲ್ಲೂ ಸಹ. ತಳ ಹೊಡೆಯುವುದಕ್ಕೆ ಮದ್ದು ಹೌದು, ಸ್ಪ್ರಿಂಗ್‌ಗೆ ಬದಲಿ ಅಲ್ಲ. ಒಂದು ಫೋರ್ಕ್ ಕಾಲಿಗೆ ಝಿಪ್ ಟೈ ಕಟ್ಟಿ ಓಡಿಸಿ. ಅತಿ ಕಷ್ಟದ ಲ್ಯಾಂಡಿಂಗ್ ಆದ ಮೇಲೆ ಅದು ಎಲ್ಲಿ ನಿಂತಿದೆಯೋ ಅಷ್ಟೇ ಟ್ರಾವೆಲ್ ನೀವು ಬಳಸಿದ್ದು. ಅಳತೆಗೋಲು ಬೇರೆ ಬೇಡ.

ಪ್ರತಿ ಸಲ ಓಡಿಸುವ ಮುಂಚೆ ಮುಂದಿನ ಚಕ್ರ ಎತ್ತಿ ಫೋರ್ಕ್ ಮೇಲಿನ ಬ್ಲೀಡ್ ಸ್ಕ್ರೂ ತೆರೆದು ಸೇರಿಕೊಂಡ ಗಾಳಿ ಬಿಡಿ. ಏರ್ ಫೋರ್ಕ್ ಇರುವವರು ಅದರ ಮುಖ್ಯ ವಾಲ್ವ್ ಒತ್ತಬೇಡಿ, ಅಲ್ಲಿರುವ ಗಾಳಿಯೇ ನಿಮ್ಮ ಸ್ಪ್ರಿಂಗ್. ಅದನ್ನು ಫೋರ್ಕ್ ತಣ್ಣಗಿದ್ದಾಗ ಪಂಪ್ ಹಾಕಿ ನೋಡಬೇಕು. ತೂಕಕ್ಕೆ ತಕ್ಕಂತೆ ಸ್ಪ್ರಿಂಗ್ ಕೊಳ್ಳದೆ ಒತ್ತಡ ಏರಿಸಿ ಇಳಿಸಿ ಹೊಂದಿಸಬಹುದು, ಅದೊಂದು ಅನುಕೂಲ.

ಪ್ರಶ್ನೆ: ಸರ್, ಸ್ಪ್ರಿಂಗ್ ಬಂತು, ಹಾಕಿದೆ! ಈಗ ಕೂತಾಗ 104, ಫ್ರೀ ಸ್ಯಾಗ್ 29. ಬ್ರೇಕ್ ಹಿಡಿದಾಗ ಒದೆಯುವುದು ಬಹಳ ಕಡಿಮೆ ಆಗಿದೆ, ತಳ ಹೊಡೆಯುತ್ತಿಲ್ಲ. ಆದರೆ ಜಂಪ್‌ನ ಏರು ಬಿಡುವಾಗ ಹಿಂಭಾಗ ಚಿಮ್ಮಿದ ಹಾಗೆ ಆಗುತ್ತದೆ. ಕ್ಲಿಕ್ಕರ್ ಈಗ ಮುಟ್ಟಬಹುದಾ?

ಉತ್ತರ: ಓದಿ ತುಂಬಾ ಖುಷಿಯಾಯಿತು. 29 ಅಂದರೆ ಅಂಚಿನಲ್ಲಿದೆ, ಓಡಿಸಬಹುದು.

ಈಗ ಮುಟ್ಟಿ. ಗಟ್ಟಿ ಸ್ಪ್ರಿಂಗ್ ವಾಪಸ್ ತಳ್ಳುವ ಬಲವೂ ಜಾಸ್ತಿ, ಹಳೆಯ ರಿಬೌಂಡ್ ಸೆಟ್ಟಿಂಗ್ (ಶಾಕ್ ವಾಪಸ್ ಏಳುವ ವೇಗ ತಡೆಯುವುದು) ಅದನ್ನು ಹಿಡಿಯಲಾರದು. ಮೊದಲು ನೀವು ಅವತ್ತು ಹಾಕಿದ ಆ ಆರು ಕ್ಲಿಕ್ ಕಂಪ್ರೆಷನ್ ವಾಪಸ್ ತೆಗೆದು ಮ್ಯಾನುಯಲ್ ಹೇಳಿದ ಜಾಗಕ್ಕೆ ತನ್ನಿ. ಎಣಿಸುವ ಕ್ರಮ ಗೊತ್ತಲ್ವಾ, ಬಲಕ್ಕೆ ನಿಧಾನವಾಗಿ ಪೂರ್ತಿ ಮುಚ್ಚಿ, ಅಲ್ಲಿಂದ ಹೊರಗೆ ಎಣಿಸುವುದು. ಜೋರಾಗಿ ಬಿಗಿದರೆ ಸೂಜಿಯ ತುದಿ ಹಾಳಾಗುತ್ತದೆ. ಆಮೇಲೆ ಶಾಕ್ ಕೆಳಗಿನ ರಿಬೌಂಡ್ ಸ್ಕ್ರೂ ಎರಡು ಕ್ಲಿಕ್ ಒಳಗೆ. ಅಷ್ಟು ಮಾತ್ರ ಬದಲಿಸಿ, ಅದೇ ಜಾಗ, ಅದೇ ವೇಗದಲ್ಲಿ ಓಡಿಸಿ ನೋಡಿ.

ಚಿಮ್ಮುವುದು ನಿಂತರೆ ಅಲ್ಲೇ ಬಿಡಿ. ಜಾಸ್ತಿ ಒಳಗೆ ಹೋದರೆ ಇನ್ನೊಂದು ತೊಂದರೆ ಶುರು: ಸಾಲು ಗುಂಡಿಯಲ್ಲಿ ಮೊದಲ ಎರಡು ಮೂರು ಚೆನ್ನಾಗಿ ನುಂಗುತ್ತದೆ, ಆಮೇಲೆ ಶಾಕ್ ಮೇಲೇಳಲು ಸಮಯ ಸಿಗದೆ ಒಳಗೇ ಉಳಿದು ಬರಬರುತ್ತಾ ಕಲ್ಲಿನ ಹಾಗೆ ಆಗುತ್ತದೆ. ಹಾಗನ್ನಿಸಿದರೆ ಒಂದು ಕ್ಲಿಕ್ ಹೊರಗೆ. ಹೊಸ ಸ್ಪ್ರಿಂಗ್ ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಕೂರುತ್ತದೆ, ನಾಲ್ಕೈದು ಗಂಟೆ ಓಡಿಸಿದ ಮೇಲೆ ಎರಡೂ ಸ್ಯಾಗ್ ಮತ್ತೆ ಅಳೆದು ಇಲ್ಲೇ ಹಾಕಿ, ನೋಡುತ್ತೇನೆ.